ಜಲ್ ಮನೆತನದ ಸಂಗೀತ

ಯೆಹೂದಿ ಸಂಗೀತವನ್ನು ಉಳಿಸಿಯೇ ತೀರುತ್ತೇವೆಂದು ಪಣ ತೊಟ್ಟವರ ಕೈಗೆ ಸಿಕ್ಕಿದ್ದೇ ನಮ್ಮಪ್ಪನ ಸಂಗೀತದ ಗ್ರಹಚಾರ. ಅಪ್ಪ, ಲೇಯ್ಜರ್ ಗ್ರಬೋವ್ಸ್ಕಿ, ಫಿಲಡೆಲ್ಫಿಯಾದ ಒಂದು ಸಿನಗಾಗಿನಲ್ಲಿ, ಎಂದರೆ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ, ಮುಖ್ಯ ಗಾಯಕನಾಗಿದ್ದ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಆ ಸಿನಗಾಗೂ ಮುಚ್ಚಿತು. ಆಡಳಿತ ಮಂಡಳಿಯವರು ಅವನ ಸ್ವರಲಿಪಿಯ ಹಾಳೆಗಳನ್ನೆಲ್ಲ ಡಬ್ಬಿಗೆ ತುಂಬಿ ಯಾವುದೋ ಲೈಬ್ರರಿಗೆ ಸಾಗಹಾಕಿದರು. ಯಾವುದಕ್ಕೆ ಎಂದು ಕೇಳಿದರೆ ಒಬ್ಬೊಬ್ಬರದೂ ಒಂದೊಂದು ಉತ್ತರ. ಕೊಟ್ಟದ್ದು ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪಿತ್ತು, ಆವತ್ತು ಫೋಟೊ ತೆಗೆಸಿಕೊಂಡಿದ್ದರಲ್ಲ.

ಆ ಹಾಳೆಗಳಿಲ್ಲದೆ ನನ್ನ ಬದುಕೇನೂ ನಿಂತಿರಲಿಲ್ಲ. ಬೇಕಾಗಿದ್ದದ್ದು ಪೆಸ್ಯಾ ಅತ್ತೆಗೆ. ಅಪ್ಪನ ತಂಗಿ, ಅವನ ಮೇಳದಲ್ಲಿ ಹಾಡುತ್ತಿದ್ದವಳು. ಈಗ ಹಾಸಿಗೆ ಹಿಡಿದಿದ್ದಳು. ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಯೋಮ್ ಕಿಪ್ಪುರ್ ಉಪವಾಸದ ಸಂಜೆ, ಸ್ವರ್ಗದ ಬಾಗಿಲು ಮುಚ್ಚುವ ಹೊತ್ತಿನ ನೆಯಿಲಾ ಪ್ರಾರ್ಥನೆಗೆ ಅಪ್ಪ ಒಂದು ರಾಗ ಕಟ್ಟಿದ್ದ. ಅತ್ತೆಗೆ ಅದರ ಮೊದಲರ್ಧ ಮಾತ್ರ ನೆನಪಿತ್ತು.

"ಅರ್ಧ ಹಾಡು ಬಾಯಲ್ಲಿಟ್ಕೊಂಡು ಸಾಯೋಕಾಗಲ್ಲ ಕಣೇ ದ್ವೋರಾ. ಮೇಲೆ ನಿಮ್ಮಪ್ಪ ಸಿಕ್ಕಿದ್ರೆ ಬೈತಾನೆ. ಮೊದ್ಲೇ ಬಾಯಿ ನೆಟ್ಟಗಿಲ್ಲ ಅವನಿಗೆ."

"ಹೊಸ ಸಿನಗಾಗಿನ ಗಾಯಕನ್ನ ಕೇಳ್ಲಾ ಅತ್ತೆ?"

"ಆ ಗಿಟಾರ್‌ನವನನ್ನಾ? ಉಪವಾಸದ ದಿನಾನೂ ಚಪ್ಪಾಳೆ ಹೊಡಿಸ್ತಾನೆ ಅವನು."

ಹುಡುಕಲು ಹೊರಟೆ. ಮೊದಲ ಲೈಬ್ರರಿಯಲ್ಲಿ ಕುಳಿತಿದ್ದವನು ಕಂಪ್ಯೂಟರಿನಿಂದ ತಲೆ ಎತ್ತದೆ, ಗ್ರಬೋವ್ಸ್ಕಿ ಎಂಬವರು ಇಲ್ಲ, ಸ್ಪೆಲಿಂಗ್ ತಪ್ಪಿರಬೇಕು ಎಂದ. ನನ್ನ ಮನೆತನದ ಹೆಸರನ್ನು ನನಗೇ ಕಲಿಸಲು ಬಂದ ಮಹಾನುಭಾವ. ಇನ್ನೊಂದರಲ್ಲಿ ಸಂಗೀತ ವಿಭಾಗದವರು ಯೆಹೂದಿ ವಿಭಾಗಕ್ಕೆ ಹೋಗಿ ಎಂದರು, ಯೆಹೂದಿ ವಿಭಾಗದವರು ಸಂಗೀತ ವಿಭಾಗಕ್ಕೆ ಅಟ್ಟಿದರು. ಯೆಹೂದಿಗಳು ಹಾಡಲೂಬಹುದು ಎಂಬ ಕಲ್ಪನೆ ಆ ಕಟ್ಟಡದಲ್ಲಿ ಯಾರಿಗೂ ಇದ್ದಂತಿರಲಿಲ್ಲ.

ಕೊನೆಗೆ ಉಳಿದದ್ದು ಒಂದು ಕಾಲೇಜಿನ ಲೈಬ್ರರಿ. ಬಾಗಿಲಲ್ಲೇ ನನ್ನ ಪೆನ್ನು ಕಿತ್ತುಕೊಂಡು ಮೊಂಡು ಪೆನ್ಸಿಲ್ ಕೊಟ್ಟರು. ಸಂಗ್ರಹದ ಮುಖ್ಯಸ್ಥ ಡಾಕ್ಟರ್ ರಾಸ್ಕಿನ್ ತಾನೇ ಎದ್ದು ಬಂದ. ನಮ್ಮವನೇ. ಬೇಸಿಗೆ ರಜೆಯ ಶಿಬಿರದಲ್ಲಿ ಹೀಬ್ರೂ ಅಕ್ಷರ ಕಲಿತು, ಆಮೇಲೆ ಏನನ್ನೂ ಕಲಿಯದ ಜಾತಿ.

"ನಿಮ್ಮ ತಂದೆ ಹೆಸರು ನಮ್ಮಲ್ಲಿಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ. ಬಂದದ್ದು ಬಂದಿದೀರಿ, ನಮ್ಮ ಜಲ್ ಸಂಗ್ರಹ ನೋಡ್ಕೊಂಡು ಹೋಗಿ."

"ಯಾರ್ರೀ ಅದು ಜಲ್?"

"ನೀವು ಕೇಳಿರಲ್ಲ ಬಿಡಿ, ನಾನೇ ಕಂಡುಹಿಡಿದದ್ದು. ಒಬ್ಬ ಅಲ್ಲ, ಇಡೀ ಮನೆತನ. ಒಡೆಸ್ಸಾದಲ್ಲೊಬ್ಬ ಜಲ್, ಬ್ಯೂನಸ್ ಐರಿಸ್‌ನಲ್ಲೊಬ್ಬ, ಇಲ್ಲೇ ಫಿಲಡೆಲ್ಫಿಯಾದಲ್ಲೂ ಒಬ್ಬ. ಒಬ್ಬರ ಶೈಲಿ ಇನ್ನೊಬ್ಬರಿಗಿಲ್ಲ. ನನ್ನ ಪುಸ್ತಕದ ವಿಷಯಾನೇ ಅದು."

ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಒಳಗೆ ಅಪ್ಪನ ನೆಯಿಲಾ. ರಟ್ಟಿನ ಮೇಲೆ ಅತ್ತೆಯ ಗುಂಡಗಿನ ಅಕ್ಷರದಲ್ಲಿ ಲೇಯ್ಜರ್ ಗ್ರಬೋವ್ಸ್ಕಿ, ಅದರ ಕೊನೆಗೆ ಜಯಿನ್, ಲಾಮೆದ್ ಎಂಬ ಎರಡು ಹೀಬ್ರೂ ಅಕ್ಷರ. ಓದಿದರೆ ಜಲ್. ಕೆಳಗಿನ ಚೀಟಿಯಲ್ಲಿ ರಾಸ್ಕಿನ್ ಅಚ್ಚು ಹಾಕಿಸಿದ್ದ: ಎಲ್. ಜಿ. ಜಲ್. ಅಮೆರಿಕದವನಲ್ಲವೆ, ಮೂರು ಪದ ಕಂಡರೆ ಕೊನೆಯದೇ ಮನೆತನ.

"ಡಾಕ್ಟ್ರೇ, ಈ ಜಲ್ ಮನೆಯವ್ರು ಒಬ್ಬರಾದ್ರೂ ಬದುಕಿದಾರಾ?"

ಅವನ ಮುಖ ಬಾಡಿತು. "ಇಲ್ಲ. ಅದೇ ದುರಂತ. ಎಷ್ಟು ಹುಡುಕಿದ್ರೂ ಒಬ್ಬರೂ ಸಿಗಲಿಲ್ಲ."

"ಹೇಗ್ರೀ ಸಿಗ್ತಾರೆ? ಸತ್ತ ಮೇಲೇನೇ ಆ ಮನೆಗೆ ಸೇರಿಸ್ಕೊಳ್ಳೋದು. ಅದು ಮನೆತನ ಅಲ್ಲ ಸ್ವಾಮಿ, ದಿವಂಗತ ಅಂತ. ಹೆಸರಿನ ಕೊನೇಲಿ ಬರೀತೀವಿ. ನಿಮ್ಮ ತಾತನ ಗೋರಿಕಲ್ಲು ನೋಡಿ, ನೀವೂ ಆ ಮನೆಯವ್ರೇ ಇರ್ಬೇಕು."

ರಾಸ್ಕಿನ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮೇಡಂ, ಪುಸ್ತಕ ಅಚ್ಚಿಗೆ ಹೋಗಿದೆ."

"ಹೋಗ್ಲಿ ಬಿಡಿ. ಹೆಸರಿನ ಕೊನೇಲಿ ಒಂದು ಜಲ್ ಸೇರಿಸಿ, ಪುಸ್ತಕಕ್ಕೂ."

ಲೈಬ್ರರಿಯಲ್ಲಿ ಅಷ್ಟು ಚುರುಕಾಗಿ ಕೆಲಸ ನಡೆದದ್ದನ್ನು ನಾನು ಕಂಡಿಲ್ಲ. ಅರ್ಜಿಯಿಲ್ಲ, ಅನುಮತಿಯಿಲ್ಲ, ತಾನೇ ಹಾಳೆಗಳನ್ನು ನಕಲು ತೆಗೆದು, ಲಕೋಟೆಗೆ ತುಂಬಿ ಕೈಗಿಟ್ಟ. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ನನ್ನ ಬಾಯಿಂದ ಕೇಳಲು ಕಾಯುತ್ತ ನಿಂತಿದ್ದ. ನಾನು ಪೆನ್ನು ವಾಪಸ್ ಇಸಿದುಕೊಂಡು ಬಂದೆ.

ನೇರ ಅತ್ತೆಯ ಮನೆಗೇ ಹೋದೆ. ಜಲ್ ಕಥೆ ಕೇಳಿ ಅವಳು ಕೆಮ್ಮು ಬರುವಷ್ಟು ನಕ್ಕಳು. ಹಾಸಿಗೆಯ ಮೇಲೆ ಹಾಳೆಗಳನ್ನು ಬಿಡಿಸಿದೆವು. ಕೊನೆಯ ಹಾಳೆಯ ನಡುವಿಗೆ ಸ್ವರಗಳು ನಿಂತುಹೋಗಿದ್ದವು, ಅತ್ತೆಗೆ ಯಾವಾಗಲೂ ಮರೆಯುತ್ತಿದ್ದ ಜಾಗದಲ್ಲೇ. ಕೆಳಗಿನ ಗೆರೆಗಳೆಲ್ಲ ಖಾಲಿ. ಅಂಚಿನಲ್ಲಿ ಅಪ್ಪ ನಮ್ಮ ಮನೆಮಾತು ಯಿಡ್ಡಿಷಿನಲ್ಲಿ ಬರೆದಿದ್ದ: ಇಲ್ಲಿಂದ ಮುಂದೆ ಪೆಸ್ಯಾಗೆ ಬಿಟ್ಟದ್ದು. ಪ್ರತಿ ವರ್ಷ ಬೇರೆ ಹಾಡುತ್ತಾಳೆ, ನಾನು ಕಟ್ಟುವುದಕ್ಕಿಂತ ಚೆನ್ನಾಗಿ.

ಅಪ್ಪ ಸತ್ತಾಗ ರಟ್ಟಿನ ಮೇಲೆ ಹೆಸರು ಬರೆದಿದ್ದಳಷ್ಟೇ, ಒಳಗೆ ಬಿಚ್ಚಿ ನೋಡಿರಲಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

"ಮೈಗಳ್ಳ," ಎಂದಳು. "ಬರಿಯೋಕೆ ಸೋಮಾರಿತನ, ಅಷ್ಟೇ." ಹಾಳೆಯನ್ನು ತನ್ನತ್ತ ಎಳೆದುಕೊಂಡಳು. "ಇದನ್ನ ಒಂದ್ ಸಲ, ಒಂದೇ ಒಂದ್ ಸಲ ನನ್ನ ಮುಖಕ್ಕೆ ಹೇಳಿದ್ರೆ ಏನಾಗ್ತಿತ್ತು ಅವನಿಗೆ?"

ನನಗೆ ಅಳು ಬಂತು. ಅಪ್ಪನ ಮೇಲೆ ಸಿಟ್ಟೂ ಬಂತು.

"ಅತ್ತೆ, ಉಳಿದದ್ದು ಎಲ್ಲೂ ಇಲ್ಲ."

"ಕಾಣ್ತಿದೆ. ನನಗೇನು ಕಣ್ಣು ಹೋಗಿದ್ಯಾ? ಮೊದಲಿಂದ ಹಾಡು."

ಹಾಡಿದೆ. ಅವಳೂ ಸಣ್ಣ ದನಿ ಸೇರಿಸಿದಳು. ಸ್ವರಗಳು ಮುಗಿದಲ್ಲಿ ನಾನು ನಿಲ್ಲಿಸಿದೆ. ಅತ್ತೆ ನಿಲ್ಲಿಸಲಿಲ್ಲ.