ರಿಲೇ ಪೂಜೆಯಲ್ಲಿತ್ತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಕಥೆಗಾರ ಬೆಳಿಗ್ಗೆಯಿಂದ ತಲೆ ಕೆರೆದುಕೊಳ್ಳುತ್ತಿದ್ದಾನೆ. ಹೊಗೆಯಿಂದ ಶುರು ಮಾಡಬಹುದು, ಹೊಗೆ ಎಂದರೆ ಓದುಗರ ಮೂಗು ತಾನಾಗಿಯೇ ಅರಳುತ್ತದೆ. ಬೈಕಿನಿಂದ ಶುರು ಮಾಡಬಹುದು, ಆದರೆ ಕನ್ನಡದ ಓದುಗರಲ್ಲಿ ಅರ್ಧ ಜನಕ್ಕೆ ನಾನೂರು ಸಿಸಿಯ ಬೈಕೆಂದರೆ ಮಗ ಮನೆಗೆ ಬರುವುದು ತಡವಾದ ಆತಂಕ ಮಾತ್ರ. ಮಹಾನವಮಿಯಿಂದಲೂ ಆಗಬಹುದು. ಇವತ್ತು ಮಹಾನವಮಿ. ಕಥೆಗಾರನ ಲ್ಯಾಪ್‌ಟಾಪು ದೇವರ ಮುಂದೆ ಕುಂಕುಮ ಹಚ್ಚಿಸಿಕೊಂಡು, ಒಂದು ಸೇವಂತಿಗೆ ಮುಡಿದುಕೊಂಡು ಕುಳಿತಿದೆ.

(ಹಾಗಾದರೆ ಇದನ್ನು ಯಾವುದರಲ್ಲಿ ಬರೆಯುತ್ತಿದ್ದೀಯಪ್ಪಾ ಎಂದು ಕೇಳುತ್ತೀರಿ. ಮೊಬೈಲಿನಲ್ಲಿ. ಅಡುಗೆಮನೆಯ ಹಿಂದೆ ಬಟ್ಟೆ ಒಣಹಾಕುವ ಕಿಂಡಿಯ ಹತ್ತಿರ ನಿಂತು. ಆಯುಧ ಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಮೊಬೈಲನ್ನು ಪೂಜೆಗೆ ಇಟ್ಟಿಲ್ಲವಾದ್ದರಿಂದ ಅದು ಆಯುಧವಲ್ಲ ಎಂಬುದು ಕಥೆಗಾರನ ವಾದ. ಅವನ ಹೆಂಡತಿ ಶ್ರೀವಿದ್ಯಾ ಈ ವಾದವನ್ನು ಇನ್ನೂ ಕೇಳಿಲ್ಲ.)

೨

ಮೊದಲ ಡ್ರಾಫ್ಟು ಹೀಗಿತ್ತು: ‘ನಸುಗೆಂಪು ಸಂಜೆಯಲ್ಲಿ, ನಿರ್ಜನ ಕಾರ್ ಪಾರ್ಕಿನ ಮೂಲೆಯಲ್ಲಿ, ಒಂದು ಒಂಟಿ ಬೈಕು ತನ್ನ ಒಡೆಯನಿಗಾಗಿ ಕಾಯುತ್ತಿತ್ತು.’

ಬೇಡ. ಬೈಕು ಯಾರಿಗೂ ಕಾಯುವುದಿಲ್ಲ. ಸಂಜೆಯೂ ಅಲ್ಲ, ಬೆಳಿಗ್ಗೆ ಹನ್ನೊಂದೂವರೆ. ನಿರ್ಜನವಂತೂ ಅಲ್ಲವೇ ಅಲ್ಲ, ಪಕ್ಕದಲ್ಲೇ ಒಬ್ಬ ಚೀನೀ ಅಂಕಲ್ ಟ್ಯಾಕ್ಸಿ ತೊಳೆಯುತ್ತಿದ್ದ. ಸುಳ್ಳು ಹೇಳಬೇಕಾದ ಕಡೆ ಕಥೆಗಾರನಿಗೆ ಯಾವಾಗಲೂ ಸಂಜೆ ಬೇಕಾಗುತ್ತದೆ.

ಸೀದಾ ಹೇಳುವುದಾದರೆ, ಇದು ಹೋದ ವರ್ಷದ ಮಹಾನವಮಿಯ ಮಾತು. ಬೈಕು ಶಿವಯೋಗೀಶನದು. ಬಾಗಲಕೋಟೆ ಕಡೆಯ ಗುಳೇದಗುಡ್ಡದವನು, ನಾವೆಲ್ಲ ಬಂದು ನೆಲೆಸಿರುವ ಈ ದ್ವೀಪನಗರದ ಉಬಿ ಎಂಬ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಕನ್ನಡ ಸಂಘದ ಮೈಕು, ಸ್ಟೇಜಿನ ಲೈಟು, ಗೊಂಬೆ ಹಬ್ಬದ ಸೀರಿಯಲ್ ಸೆಟ್ಟು ಎಲ್ಲ ಅವನ ಕೈಯವೇ. ಶಿವಯೋಗಿ ಕೈ ಹಾಕಿದ ಮೇಲೆ ಮತ್ತೆ ನೋಡಬೇಕಾಗಿಲ್ಲ ಎನ್ನುವುದು ಸಂಘದಲ್ಲಿ ಗಾದೆಯೇ ಆಗಿತ್ತು.

ಕಥೆಗಾರನ ಹೆಸರು ಬದರಿನಾಥ್, ಊರು ಮೈಸೂರು. ಇದೇ ನಗರದ ತಂಜಾಂಗ್ ಪಗಾರಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾನೆ, ಅಂದರೆ ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಾನೆ. ವರ್ಷಕ್ಕೊಂದು ಕಥೆ ಹೆರುತ್ತಾನೆ, ಸಂಘದ ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ. ಸಂಪಾದಕನೂ ಅವನೇ ಆದ್ದರಿಂದ ಇದುವರೆಗೆ ಒಂದೂ ತಿರಸ್ಕೃತವಾಗಿಲ್ಲ.

ಭಾನುವಾರಗಳಲ್ಲಿ ಗಡಿಯ ಸೇತುವೆ ದಾಟಿ ಮಲೇಷ್ಯಾದ ಕಡೆ ಹೋಗಿಬರಲು ಶಿವಯೋಗೀಶ ಬೈಕಿಗೆ ಎರಡು ದೊಡ್ಡ ಲೈಟು ಹಾಕುತ್ತಿದ್ದ. ಅದಕ್ಕೆ ಒಂದು ರಿಲೇ ಬೇಕು. ರಿಲೇ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ. ಈಗಿನ ಬೈಕಿನ ಒಳಗಿನ ವೈರುಗಳು ನೂಲಿನಂತಿರುತ್ತವೆ. ದೊಡ್ಡ ಲೈಟಿನ ಭಾರ ಅವುಗಳ ಮೇಲೆ ಹಾಕಿದರೆ ಕರಗಿಯೇ ಹೋಗುತ್ತವೆ. ರಿಲೇ ಇದ್ದರೆ ಸಣ್ಣ ವೈರು ಅಪ್ಪಣೆ ಮಾತ್ರ ಕೊಡುತ್ತದೆ. ರಿಲೇ ‘ಟಿಕ್’ ಎನ್ನುತ್ತದೆ, ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ವೈರು ಭಾರ ಹೊರುತ್ತದೆ. ಅತ್ತೆ ಕುರ್ಚಿಯಿಂದ ಹೇಳುತ್ತಾಳೆ, ಸೊಸೆ ಹಿಟ್ಟು ನಾದುತ್ತಾಳೆ, ಅಷ್ಟೇ ಸಿದ್ಧಾಂತ.

ಎಲ್ಲ ಕೆಲಸ ಮುಗಿದು ರಿಲೇ ಒಂದನ್ನು ಕೂರಿಸುವುದು ಉಳಿದಿತ್ತು. ಅಷ್ಟರಲ್ಲಿ ನವಮಿ ಬಂತು. ಶಿವಯೋಗೀಶನ ಹೆಂಡತಿ ರೋಹಿಣಿ ಅವರ ಕಡೆಯ ಪದ್ಧತಿಯಂತೆ ಖಂಡೆ ಪೂಜೆಗೆ ಟೂಲ್ ಬ್ಯಾಗನ್ನು ಇಟ್ಟಳು, ಜೊತೆಗೆ ಹೊಸ ಸಾಮಾನೆಂದು ರಿಲೇಯನ್ನೂ ಇಟ್ಟು ವಿಭೂತಿ ಹಚ್ಚಿದಳು. ಹಬ್ಬದ ಊಟಕ್ಕೆ ಬಂದ ಕಥೆಗಾರ ಕಾರ್ ಪಾರ್ಕಿನಲ್ಲಿ ನಿಂತು, ಲೈಟು ಹಚ್ಚಿ ತೋರಿಸು ಎಂದ. ರಿಲೇ ಪೂಜೆಯಲ್ಲಿದೆ, ಇವತ್ತು ಮುಟ್ಟುವಂತಿಲ್ಲ, ನಾಳೆ ನೋಡೋಣ ಎಂದು ಶಿವಯೋಗೀಶ ಹೋಳಿಗೆ ತರಲು ಮೇಲೆ ಹೋದ. ಆಮೇಲೆ ಏನಾಯಿತೋ, ಸೀಟಿನ ಕೆಳಗಿನಿಂದ ಹೊಗೆ ಬಂತು.

೪

ಇಲ್ಲಿ ಶಿವಯೋಗೀಶ ಎರಡನೇ ಭಾಗದಿಂದ ಎದ್ದು ಬಂದು ಕಥೆಗಾರನ ಎದುರು ನಿಂತಿದ್ದಾನೆ. ಸಂಘದಲ್ಲಿ ಅವನು ಬೆಂಗಳೂರು ಕನ್ನಡ ಆಡುತ್ತಾನೆ. ಮನಸ್ಸು ಕೆಟ್ಟಾಗ ಮಾತ್ರ ಗುಳೇದಗುಡ್ಡ ಹೊರಗೆ ಬರುತ್ತದೆ.

“ಏನಾಯಿತೋ ಅಂದ್ರ ಏನ್ ಸರ? ಶಾರ್ಟ್ ಆಗಿದ್ರ ಫ್ಯೂಸ್ ಹಾರತಿತ್ತು. ಹಾರಿಲ್ಲ. ಅಂದ್ರ ಸಣ್ಣ ವೈರಿನ ಮ್ಯಾಲ ದೊಡ್ಡ ಭಾರ ಬಿದ್ದೈತಿ. ಆ ಭಾರ ಎಲ್ಲಿಂದ ಬಂತು?”

ಪಾತ್ರಗಳು ಫ್ಯೂಸಿನ ವಿಷಯ ಮಾತಾಡಬಾರದು, ಓದುಗರಿಗೆ ಬೇಜಾರಾಗುತ್ತದೆ ಎಂದು ಕಥೆಗಾರ ಗದರಿದ. ಬೇಕಾದರೆ ನಿನಗೆ ಒಂದು ಒಳ್ಳೆಯ ದುಃಖದ ದೃಶ್ಯ ಬರೆದುಕೊಡುತ್ತೇನೆ, ಸುಟ್ಟ ಬೈಕಿನ ಮೇಲೆ ಕೈಯಾಡಿಸುತ್ತಾ ನಿಲ್ಲು ಎಂದು ಆಸೆ ತೋರಿಸಿದ. ನನಗೆ ದುಃಖ ಬೇಡ, ಕಾರಣ ಬೇಕು ಎಂದು ಪಾತ್ರ ಪಟ್ಟು ಹಿಡಿಯಿತು. ಬರೆಸಿಕೊಳ್ಳುವವರು ಹೀಗೆ ಲೆಕ್ಕ ಕೇಳಲು ಶುರು ಮಾಡಿದರೆ ಸಾಹಿತ್ಯದ ಗತಿ ಏನು?

ನಿಜವಾದ ಶಿವಯೋಗೀಶನಿಗೆ ಕಾರಣ ಸಿಗಲೇ ಇಲ್ಲ. ರಿಪೇರಿಯವರು ಒಳಗಿನ ವೈರನ್ನೆಲ್ಲ ಕಿತ್ತು ಎಸೆದು ಹೊಸದು ಹಾಕಿದರು, ಮನೆಯಲ್ಲಿ ವೈರಿಂಗ್ ಮಾಡಿದರೆ ಹೀಗೇ ಎಂದು ಒಂದು ಮಾತು ಅಂದರು. ಅವನು ಆ ಮಾತನ್ನು ನಂಬಿದ. ತಾನು ಹಾಕಿದ ಜಾಯಿಂಟು ಸಡಿಲವಿತ್ತು ಎಂದುಕೊಂಡ. ಮರುದಿನ ದಶಮಿಗೆ, ಊರಿಂದ ಪುಸ್ತಕದ ನಡುವೆ ಇಟ್ಟು ತಂದಿದ್ದ ಬನ್ನಿ ಎಲೆ ಹಿಡಿದು ಕಥೆಗಾರನ ಮನೆಗೇ ಬಂದ. “ನಿಮ್ಮ ಹಬ್ಬಾನೂ ಹಾಳ್ ಮಾಡಿದೆ, ತಪ್ಪು ತಿಳೀಬ್ಯಾಡ್ರಿ ಸರ. ಬನ್ನಿ ತಗೊಂಡು ಬಂಗಾರದಂಗ ಇರೋಣ,” ಎಂದ. ಕಥೆಗಾರ ಬನ್ನಿ ತಗೊಂಡ. ಕಾಫಿಯನ್ನೂ ಕೊಡಿಸಿದ.

ಅಷ್ಟಕ್ಕೇ ನಿಲ್ಲಲಿಲ್ಲ. ರಾಜ್ಯೋತ್ಸವದ ಸಂಚಿಕೆಗೆ ‘ಹೊಗೆಯುಗುಳುವ ಕುದುರೆ’ ಎಂಬ ಹಾಸ್ಯಕಥೆ ಬರೆದ. ಹೆಸರು ಬದಲಿಸಿದ್ದರೂ ಯಾರೆಂದು ಎಲ್ಲರಿಗೂ ಗೊತ್ತಾಯಿತು. ಜನ ಬಿದ್ದು ಬಿದ್ದು ನಕ್ಕರು. ಶಿವಯೋಗೀಶನೂ ನಕ್ಕ, ಆಮೇಲೆ ಸಂಘಕ್ಕೆ ಬರುವುದನ್ನು ನಿಲ್ಲಿಸಿದ.

ಹತ್ತು ದಿನದ ಕೆಳಗೆ ಗೊಂಬೆ ಹಬ್ಬದ ಲೈಟಿಗಾಗಿ ಕಮಿಟಿಯವರು ಅವನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಅವನ ದನಿ ತಣ್ಣಗೆ ಬಂತು. “ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ರಿ. ಬ್ಯಾರೆಯವರಿಗೆ ಹೇಳ್ರಿ.” ಕಮಿಟಿ ಮುಂದಿನ ವಿಷಯಕ್ಕೆ ಹೋಯಿತು. ಕಥೆಗಾರನಿಗೆ ನಾಚಿಕೆಯಾಯಿತು. ಈ ಕಥೆ ಶುರುವಾದದ್ದು ಅಲ್ಲಿಂದ. ನೋಡಿ, ಶುರು ನಾಲ್ಕನೇ ಭಾಗದಲ್ಲಿ ಸಿಕ್ಕಿತು.

೩

ಕಥೆಗಾರನ ಹನ್ನೆರಡು ವರ್ಷದ ಮಗಳು ಅದ್ವಿಕಾ ಹಿಂದಿನಿಂದ ಬಂದು ಮೊಬೈಲಿನಲ್ಲಿ ಇಣುಕಿ, ಇಲ್ಲಿನ ಶಾಲೆಯಲ್ಲಿ ಕಲಿತ ‘ಲಾ’ ಸೇರಿಸಿ ಕೇಳಿದಳು.

“ಅಪ್ಪಾ, ತ್ರೀ ಎಲ್ಲಿ? ಟೂ ಆದ್ಮೇಲೆ ಫೋರ್ ಹಾಕಿದೀರ ಲಾ.”

ಮೂರನ್ನು ಕಥೆಗಾರ ಬರೆದು ಅಳಿಸಿದ್ದ. ಅದರಲ್ಲಿ ನಿಜ ಇತ್ತು. ಈಗ ಮಗಳ ಎದುರು ಮರ್ಯಾದೆ ಉಳಿಸಿಕೊಳ್ಳಲು ಮತ್ತೆ ಹಾಕಬೇಕಾಗಿದೆ.

ಶಿವಯೋಗೀಶ ಹೋಳಿಗೆಗೆ ಹೋದಾಗ ಬೈಕಿನ ಸೀಟು ತೆಗೆದೇ ಇತ್ತು, ಕೀ ಮಾಲೆಯ ಕೆಳಗೆ ನೇತಾಡುತ್ತಿತ್ತು. ಕಥೆಗಾರನಿಗೆ ಮುಂದಿನ ಕಥೆಗೆ ‘ಅನುಭವ’ ಬೇಕಿತ್ತು, ಜೊತೆಗೊಂದು ವಿಡಿಯೋ. ಒಂದು ಕಪ್ಪು ಡಬ್ಬಿ ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದುಕೊಂಡ. ಮೈಸೂರಿನ ಮನೆಯಲ್ಲಿ ಫ್ಯೂಸು ಹೋದರೆ ಅಪ್ಪ ಒಂದೆಳೆ ತಂತಿ ಸುತ್ತಿ ದೀಪ ಹತ್ತಿಸುತ್ತಿದ್ದರು. ಆ ವಂಶದ ವಿದ್ಯೆ ತನಗೂ ಇದೆ ಎಂದು ನಂಬಿದ. ಲೈಟಿನ ದಪ್ಪ ವೈರನ್ನೂ ನೂಲಿನಂಥ ಸಣ್ಣ ವೈರನ್ನೂ ಬೆರಳಲ್ಲಿ ಹೊಸೆದು ಗಂಟು ಹಾಕಿದ. ಟೇಪು ಪೂಜೆಯಲ್ಲಿತ್ತು, ಪರ್ಸಿನಲ್ಲಿ ಮಗಳ ಮೊಣಕಾಲಿಗೆಂದು ಇಟ್ಟ ಗಾಯದ ಪಟ್ಟಿ ಇತ್ತು. ಅದನ್ನೇ ಸುತ್ತಿದ.

ಲೈಟು ಹತ್ತಿತು. ಚೆಂದವಾಗಿಯೇ ಹತ್ತಿತು. ಮೂರು ನಿಮಿಷ ವಿಡಿಯೋ ತೆಗೆದ. ಮಾಲೆ, ನಿಂಬೆಹಣ್ಣು, ಲೈಟು ಎಲ್ಲ ಆದ ಮೇಲೆ ತನ್ನ ಕೈಚಳಕ ತೋರಿಸಲು ಸೀಟಿನ ಕೆಳಗೂ ಕ್ಯಾಮೆರಾ ತಿರುಗಿಸಿದ. ಆಗ ವಾಸನೆ ಬಂತು, ಹೊಗೆಯೂ ಎದ್ದಿತು. ಕೀ ತಿರುಗಿಸಿ ಗಂಟು ಕಿತ್ತು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ವೈರೆಲ್ಲ ಕರಗಿ ಮುದ್ದೆಯಾಗಿತ್ತು. ಹೋಳಿಗೆ ತಟ್ಟೆ ಹಿಡಿದು ಓಡಿಬಂದ ಶಿವಯೋಗೀಶನಿಗೆ, “ಗೊತ್ತಿಲ್ಲಪ್ಪಾ, ತನ್ನಷ್ಟಕ್ಕೇ ಹೊಗೆ ಬಂತು,” ಎಂದ.

(ಕಥೆಗಾರ ತನ್ನನ್ನು ‘ಕಥೆಗಾರ’ ಎಂದು ಯಾಕೆ ಕರೆದುಕೊಳ್ಳುತ್ತಿದ್ದಾನೆ ಎಂದು ನಿಮಗೀಗ ಗೊತ್ತಾಗಿರಬೇಕು. ಈ ಭಾರವನ್ನು ನೇರವಾಗಿ ಹೊರಿಸಿದರೆ ಆಸಾಮಿ ಕರಗಿಹೋಗುತ್ತಾನೆ. ನಡುವೆ ಒಂದು ರಿಲೇ ಬೇಕು.)

“ಶಿವು ಅಂಕಲ್‌ಗೆ ಗೊತ್ತಾ ಇದು?” ಎಂದಳು ಅದ್ವಿಕಾ.

ಇಲ್ಲ ಎಂದ. ಅವಳು ಒಳಗೆ ಹೋದಳು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

೫

ಅಂತ್ಯಗಳು.

ಅಂತ್ಯ ಒಂದು: ಶಿವಯೋಗೀಶನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಕಥೆಗಾರ ಒಪ್ಪಿಕೊಂಡಾಗ ನಕ್ಕು ಬೆನ್ನು ತಟ್ಟುತ್ತಾನೆ. ಇದು ಓದುಗರಿಗೆ ಇಷ್ಟವಾಗುತ್ತದೆ, ತಪ್ಪಿತಸ್ಥರಿಗೆ ಇನ್ನೂ ಹೆಚ್ಚು ಇಷ್ಟವಾಗುತ್ತದೆ. ಹೊಡೆದು ಹಾಕಿದೆ.

ಅಂತ್ಯ ಎರಡು: ಅವನು ಕೆನ್ನೆಗೆ ಬಾರಿಸುತ್ತಾನೆ. ಕಥೆಗಾರ ಕೆನ್ನೆ ಹಿಡಿದುಕೊಂಡು ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುತ್ತಾನೆ, ದೊಡ್ಡ ಮನುಷ್ಯನಾಗಿ. ಒಂದು ಏಟಿಗೆ ಇಷ್ಟು ಲಾಭವಾಗಬಾರದು. ಇದನ್ನೂ ಹೊಡೆದು ಹಾಕಿದೆ.

ಅಂತ್ಯ ಮೂರು: ಕಥೆಗಾರ ಬಾಯಿ ಬಿಡುವುದೇ ಇಲ್ಲ. ಈ ಕಥೆಯನ್ನೇ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತಾನೆ, ಓದಿದರೆ ಓದಲಿ ಎಂದು. ಜನ ‘ಎಂಥಾ ಪ್ರಾಮಾಣಿಕ ಬರಹ’ ಎನ್ನುತ್ತಾರೆ. ಇದು ಕಥೆಗಾರನ ಮನಸ್ಸಿಗೆ ಬಹಳ ಹಿಡಿಸಿದೆ. ಅದಕ್ಕೇ ಅವನಿಗೆ ಅದರ ಮೇಲೆ ಅನುಮಾನ.

ಅಂತ್ಯ ನಾಲ್ಕು ಬರೆಯುವಷ್ಟರಲ್ಲಿ ಶ್ರೀವಿದ್ಯಾ ಬಂದಳು. “ಒಂದು ದಿನ ತಡ್ಕೊಳ್ಳೋಕೆ ಆಗಲ್ವಾ ನಿಮ್ಗೆ?” ಎಂದಳು. ಹೋದ ವರ್ಷದ ವಿಷಯ ಅವಳಿಗೆ ಗೊತ್ತಿಲ್ಲ, ಆದರೂ ಮಾತು ಸರಿಯಾದ ಜಾಗಕ್ಕೇ ಬಿತ್ತು. ಮೊಬೈಲು ಕಸಿದುಕೊಂಡು ಕುಂಕುಮ ಹಚ್ಚಿ ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.

೬

ದಶಮಿ. ಮೊಬೈಲು ವಾಪಸು ಸಿಕ್ಕಿದೆ, ಕ್ಯಾಮೆರಾದ ಗಾಜಿಗೂ ಪಕ್ಕದ ದೀಪಕ್ಕೂ ಸ್ವಲ್ಪ ಕುಂಕುಮ ಮೆತ್ತಿದೆ.

ಕಥೆಗಾರ ಬೆಳಿಗ್ಗೆ ಎದ್ದವನೇ ಶಿವಯೋಗೀಶನ ಬ್ಲಾಕಿಗೆ ಹೋದ. ಶಿವಯೋಗೀಶ ಕಾರ್ ಪಾರ್ಕಿನಲ್ಲಿ ಬೈಕಿನ ಬಾಡಿದ ಮಾಲೆ ಬಿಚ್ಚುತ್ತಿದ್ದ. ಎರಡು ದೊಡ್ಡ ಲೈಟು ಹೋದ ವರ್ಷದಿಂದ ಹಾಗೇ ಇದ್ದವು, ವೈರಿಲ್ಲದೆ. ಕಥೆಗಾರ ಪರ್ಸಿನಿಂದ ಒಂದು ಒಣಗಿದ ಎಲೆ ತೆಗೆದ. ಹೋದ ವರ್ಷ ಶಿವಯೋಗೀಶನೇ ಕೊಟ್ಟಿದ್ದ ಬನ್ನಿ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಒಂದೂವರೆ ಪುಟದ ಪೀಠಿಕೆ ಮರೆತೇಹೋಯಿತು.

“ನಿನ್ ಜಾಯಿಂಟ್ ಸರಿಯಾಗಿತ್ತು ಶಿವು. ನೀನು ಮೇಲೆ ಹೋದಾಗ ರಿಲೇ ಇಲ್ದೇ ನಾನೇ ವೈರ್ ಸೇರ್ಸಿದೆ. ಸುಟ್ಟಿದ್ದು ನಾನು. ಆಮೇಲೆ ಸುಳ್ಳು ಹೇಳ್ದೆ.”

ಶಿವಯೋಗೀಶ ಮಾಲೆಯ ಕೊನೆಯ ಗಂಟನ್ನೂ ಬಿಚ್ಚಿದ. ಆಮೇಲೆ ಕೇಳಿದ್ದು ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ.

“ಎಷ್ಟೊತ್ತು ಹಚ್ಚಿದ್ರಿ?”

ಮೂರು ನಿಮಿಷ, ವಿಡಿಯೋ ಇದೆ ಎಂದ ಕಥೆಗಾರ. ತೋರಿಸಿ ಎಂದ ಶಿವಯೋಗೀಶ. ಮಾಲೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಮೂರು ನಿಮಿಷವನ್ನೂ ನೋಡಿದ. ಸೀಟಿನ ಕೆಳಗಿನ ಭಾಗ ಬಂದಾಗ ನಿಲ್ಲಿಸಿ, ಬೆರಳಿನಲ್ಲಿ ಹಿಗ್ಗಿಸಿ, ಮತ್ತೆ ನೋಡಿದ.

“ಇದು ನಿಮ್ಮ ಗಂಟು. ಇದು ನನ್ನ ಜಾಯಿಂಟು. ಹೊಗಿ ಎಲ್ಲಿಂದ ಬರಾಕತ್ತೈತಿ ನೋಡ್ರಿ,” ಎಂದ. “ನನ್ನದರಾಗಿಂದ ಅಲ್ಲ.”

ನನ್ನದರಾಗಿಂದ ಅಲ್ಲ ಎಂದು ಇನ್ನೊಂದು ಸಲ ಅಂದ. ಅದನ್ನು ಕಥೆಗಾರನಿಗೆ ಹೇಳಿದ್ದಲ್ಲ. ಅವನ ಕಣ್ಣು ಒದ್ದೆಯಾಗಿತ್ತು, ಮುಖ ಸಿಟ್ಟಿನಲ್ಲಿತ್ತು, ಎರಡೂ ಒಟ್ಟಿಗೇ ಇದ್ದವು. ಮೊಬೈಲು ವಾಪಸು ಕೊಟ್ಟು ಲಿಫ್ಟಿನ ಕಡೆ ನಡೆದ. ಬನ್ನಿ ಕಥೆಗಾರನ ಕೈಯಲ್ಲೇ ಉಳಿಯಿತು.

ಇಲ್ಲಿಗೆ ಮುಗಿಯಿತೆಂದು ಕಥೆಗಾರ ಈ ವರ್ಷವೂ ಟ್ಯಾಕ್ಸಿ ತೊಳೆಯುತ್ತಿದ್ದ ಅಂಕಲ್‌ನ ಪಕ್ಕದ ಕಟ್ಟೆಯ ಮೇಲೆ ಕುಳಿತು ಇಷ್ಟನ್ನು ಟೈಪು ಮಾಡಿದ. ಕೊನೆಗೆ ಹಾಕಲು ಒಂದು ಒಳ್ಳೆಯ ವಾಕ್ಯವೂ ಹೊಳೆದಿತ್ತು. ಅಷ್ಟರಲ್ಲಿ ಶಿವಯೋಗೀಶ ಮತ್ತೆ ಬಂದ. ಹೆಗಲಲ್ಲಿ ನಿನ್ನೆಯ ವಿಭೂತಿ ಹಾಗೇ ಇದ್ದ ಟೂಲ್ ಬ್ಯಾಗು, ಕೈಯಲ್ಲಿ ಕಪ್ಪು ಡಬ್ಬಿ. ಎರಡು ವರ್ಷ ಪೂಜೆ ಮಾಡಿಸಿಕೊಂಡು ಒಂದು ದಿನವೂ ಕೆಲಸ ಮಾಡದ ರಿಲೇ. ಸೀಟು ತೆಗೆದು ಬೈಕಿನ ಪಕ್ಕ ಕೂತ.

“ನಾ ಮಾಫ್ ಮಾಡೀನಿ ಅಂತ ಬರೀಬ್ಯಾಡ್ರಿ,” ಎಂದ, ತಲೆ ಎತ್ತದೆ.

ಬರೆಯುವುದಿಲ್ಲ ಎಂದ ಕಥೆಗಾರ.

“ಆ ಮೊಬೈಲ್ ಬ್ಯಾಟ್ರಿ ಹಚ್ಚಿ ಇಲ್ಲೆ ಹಿಡೀರಿ. ಒಳಗ ಕತ್ತಲಿ ಐತಿ. ಏನೂ ಮುಟ್ಟಬ್ಯಾಡ್ರಿ.”

ಓದುಗರೇ, ಬನ್ನಿ ತಗೊಂಡನೇ ಎಂದು ಕೇಳುತ್ತೀರಿ, ಲೈಟು ಹತ್ತಿತೇ ಎಂದು ಕೇಳುತ್ತೀರಿ. ಅದನ್ನು ಬರೆಯಲು ಮೊಬೈಲು ಬೇಕು. ಮೊಬೈಲು ಈಗ ಸೀಟಿನ ಕೆಳಗೆ ಬೆಳಕು ಹಿಡಿದಿದೆ, ಕುಂಕುಮದ ಕಲೆಯಿಂದಾಗಿ ಬೆಳಕು ಸ್ವಲ್ಪ ಕೆಂಪಗಿದೆ, ಅವನ ಕೈ ಅದರಲ್ಲಿ ಕೆಲಸ ಮಾಡುತ್ತಿದೆ. ಕೈ ನಡುಗುತ್ತಿಲ್ಲ.