ಮುಂದಿನ ಖೋಲಿಯ ಕೀಲಿ

ಗುಡ್ಡೆ ಹಾಕಿದ ಎಲೆಗಳನ್ನು ಹಳೆಯ ಚಾದರದ ಮೇಲೆ ಹೇರಿ ರಸ್ತೆಯಂಚಿಗೆ ಎಳೆದೊಯ್ಯುತ್ತಿದ್ದೆ. ಮತ್ತೆ ಮತ್ತೆ ಹೋಗಿ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ತಿರುಗಿ ನೋಡಿದರೆ ಮೇಪಲ್ ಮರ ನಾನು ಬಳಿದ ಜಾಗದಲ್ಲೇ ಇನ್ನಷ್ಟು ಉದುರಿಸಿ ಸುಮ್ಮನೆ ನಿಂತಿತ್ತು. ಊರಲ್ಲಿ ಕಸ ಹೊಡೆದರೆ ಸಂಜೆಯವರೆಗಾದರೂ ನೆಲ ನೆಲದ ಹಾಗೆ ಇರುತ್ತಿತ್ತು.

ಅಳಿಯ ಪಂಚಾಕ್ಷರಿ ಏಣಿ ಹತ್ತಿ ಕಿಟಕಿಗಳಿಗೆ ಚಳಿಗಾಲದ ಎರಡನೆಯ ಗಾಜು ಕೂಡಿಸುತ್ತಿದ್ದರು. ಮನೆ ಕಾಯಿಸುವ ಎಣ್ಣೆ ತುಟ್ಟಿಯಾದಾಗಿನಿಂದ ಮನೆಯೊಳಗೆ ಹೀಟು ತಗ್ಗಿಸಿ, ಸಂದಿಗೊಂದಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸುವ ಕೆಲಸವೂ ಸೇರಿಕೊಂಡಿದೆ. ಮಗಳು ಶೈಲಾ ಸೇತುವೆಯಾಚೆ ಮ್ಯಾನ್‌ಹಟನ್ನಿನ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ನಿಜ, ಆದರೆ ಇನ್ನೂ ಕಲಿಯುವ ಡಾಕ್ಟರು. ಡ್ಯೂಟಿಗೆ ಹೋದರೆ ಬರುವುದು ಮರುದಿನವೇ. ಕೂಸು ಒಳಗೆ ಮಲಗಿತ್ತು. ಅದು ಹುಟ್ಟುವಾಗ ಮಗಳ ಬಾಣಂತನಕ್ಕೆಂದು ಆರು ತಿಂಗಳಿಗೆ ಬಂದವಳು ನಾನು. ಈಗ ಅದು ಮನೆ ತುಂಬ ಓಡಾಡುತ್ತದೆ, ನನ್ನ ಸೆರಗು ಜಗ್ಗಿ 'ನೋ' ಅನ್ನುತ್ತದೆ.

ಧಾರವಾಡದಿಂದ ತಂಗಿ ವೀರಬಸಮ್ಮನ ಕಾಗದ ಅಲ್ಲಿಯ ಮಳೆಗಾಲದಲ್ಲೇ ಬಂದಿತ್ತು. ಅವಳಿಗೆ ಓದು ಬರಹ ಬರುವುದಿಲ್ಲ. ಅವಳು ಹೇಳುತ್ತಾಳೆ, ಮಗ ಅಡಿವೆಪ್ಪ ಬರೆಯುತ್ತಾನೆ. ನನ್ನ ಉತ್ತರವನ್ನೂ ಅವನೇ ಓದಿ ಹೇಳಬೇಕು. ಅಡಿವೆಪ್ಪನಿಗೆ ಲಗ್ನ ಗೊತ್ತಾಗಿದೆ, ಸಂಕ್ರಾಂತಿ ಕಳೆದ ಮೇಲೆ ಅಕ್ಕಿಕಾಳು. ಹುಡುಗಿ ಎಲ್ಲಿ ಇರಬೇಕು ಎಂದು ಬೀಗರು ಕೇಳುತ್ತಿದ್ದಾರೆ. ನಮ್ಮಪ್ಪ ಬಿಟ್ಟುಹೋದ ಮನೆಯಲ್ಲಿ ಇರುವುದೇ ಎರಡು ಖೋಲಿ. ಒಲೆಯಿರುವ ಹಿಂದಿನದು ಅವಳದು, ಮುಂದಿನದು ನನ್ನದು. ನಾನು ಬರುವಾಗ ನನ್ನದಕ್ಕೆ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ವಿಮಾನ ಹತ್ತಿದ್ದೆ. 'ಅಕ್ಕಾ, ನೀ ಬರೂದಿದ್ರ ಖೋಲಿ ಹಂಗ ಇರ್ತದ. ಬರೂದಿಲ್ಲಂದ್ರ ಒಂದು ಮಾತು ಬರಿ' ಎಂದಿತ್ತು ಕಾಗದ. ಕೇಳಿದವಳು ಅವಳು, ತನ್ನ ಸಂಸಾರದ ಜಾಗದ ಮಾತನ್ನು ದುಂಡಗೆ ಬರೆದು ಕಳಿಸಿದವನು ಅವನು.

ಬರುತ್ತೇನೆ ಎಂದು ಬರೆದರೆ ಆ ಹುಡುಗ ಅದನ್ನು ತನ್ನ ಬಾಯಿಂದಲೇ ತಾಯಿಗೆ ಓದಿ ಹೇಳಬೇಕು. ಖೋಲಿ ಅವನಿಗೇ ಕೊಡು ಎಂದರೆ ನನಗೆ ತಿರುಗಿ ಹೋಗಲು ನನ್ನದೆನ್ನುವ ಬಾಗಿಲು ಉಳಿಯುವುದಿಲ್ಲ. ದಣಿದಿದ್ದೇನೆ ಎಂದು ಬರೆದರಂತೂ ಮಗಳ ಮನೆಯಲ್ಲಿ ಏನಾಯಿತೋ ಎಂದು ಓಣಿಯೆಲ್ಲ ಮಾತಾಗುತ್ತದೆ. ಹೀಗಾಗಿ ಹಾಳೆಯನ್ನೇ ಲಕೋಟೆಯಾಗಿ ಮಡಿಸುವ ನೀಲಿ ಏರೋಗ್ರಾಮ್ ಮೇಲೆ ವಿಳಾಸವಷ್ಟೇ ಬರೆದು ಅಡಿಗೆಮನೆಯ ಡ್ರಾಯರಿನೊಳಗೆ ಹಾಕಿಟ್ಟಿದ್ದೆ. ಡ್ರಾಯರು ತೆಗೆದಾಗಲೆಲ್ಲ ಚಮಚಗಳ ಜೊತೆ ಅದೂ ಕಾಣುತ್ತಿತ್ತು.

ಏಣಿಯ ಮೇಲಿಂದಲೇ ಅಳಿಯಂದಿರು ಕೂಗಿ ಹೇಳಿದರು, ರಾತ್ರಿ ಫ್ರೀಜ್ ಆಗುತ್ತದಂತೆ, ಹೊರಗಿನ ನೀರನ್ನೆಲ್ಲ ಚೆಲ್ಲಿಬಿಡಬೇಕಂತೆ. ಹೂಂ ಎಂದೆ. ಬಕೆಟ್ಟುಗಳನ್ನು ಮೆಂತ್ಯದ ಮಡಿಗೆ ಸುರುವಿದೆ. ಹಿತ್ತಲ ಬಾಗಿಲ ಬಳಿಯ ಹಿತ್ತಾಳೆ ಕೊಡ ಮಾತ್ರ ಉಳಿಯಿತು. ಊರಿಂದ ಶೇಂಗಾ ಚಟ್ನಿಪುಡಿ ತುಂಬಿಕೊಂಡು ಬಂದ ಕೊಡ ಅದು. ನಮ್ಮ ಓಣಿಯಲ್ಲಿ ನಳ ಬಂದಾಗ ತುಂಬಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ತುಂಬಿದ ಕೊಡ ಚೆಲ್ಲಿದವರನ್ನು ನಾನು ಕಂಡಿಲ್ಲ. ಇಲ್ಲಿ ನಳ ತಿರುವಿದರೆ ನೀರು ಎನ್ನುವುದು ಗೊತ್ತು. ಕೈಗೆ ಗೊತ್ತಾಗಬೇಕಲ್ಲ. ಮೇಲೊಂದು ತಾಟು ಮುಚ್ಚಿ ಒಳಗೆ ಬಂದೆ.

ಬೆಳಿಗ್ಗೆ ನೋಡಿದರೆ ಕೊಡದ ಬೆಸುಗೆ ಬಾಯಿ ಬಿಟ್ಟಿತ್ತು. ಒಳಗಿನ ನೀರು ಕಲ್ಲಾಗಿ ಸೀಳಿನಿಂದ ಇಣುಕುತ್ತಿತ್ತು. ಪಂಚಾಕ್ಷರಿ ಬಗ್ಗಿ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಇದ್ದಂಗ ಇರ್ಲಿ ಅಂತ ಬಿಟ್ಟೆ" ಎಂದೆ.

"ಇಲ್ಲೆ ಇದ್ದಂಗ ಬಿಟ್ರ ಇರಂಗಿಲ್ರಿ ಅತ್ತಿ" ಎಂದು ಅವರು ಕೊಡವನ್ನೆತ್ತಿ ಬಿಸಿಲಿಗೆ ಇಟ್ಟು, ನೆಲಮಾಳಿಗೆಗೆ ಇಳಿದು ಹೊರಗಿನ ನಳದ ನೀರು ನಿಲ್ಲಿಸಿ ಬಂದರು.

ಬೇಲಿಯಾಚೆ ಟೋನಿ ತನ್ನ ಅಂಜೂರ ಗಿಡಕ್ಕೆ ಚಳಿಗಾಲದ ಉಡುಪು ತೊಡಿಸುತ್ತಿದ್ದ. ಅವನು ಇಟಲಿಯವನು, ನನಗಿಂತ ಹಿರಿಯ, ಗೌಂಡಿ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ. ಅವನ ಇಂಗ್ಲಿಷೂ ನನ್ನ ಇಂಗ್ಲಿಷಿನ ಹಾಗೇ ಮುರುಕು, ಅದಕ್ಕೇ ನಮ್ಮಿಬ್ಬರಿಗೂ ತಿಳಿಯುತ್ತದೆ. ಕೈಸನ್ನೆ ಮಾಡಿ ಕರೆದ. ಹೋಗಿ ಹಗ್ಗದ ತುದಿ ಹಿಡಿದುಕೊಂಡೆ. ಟೊಂಗೆಗಳನ್ನು ಒಟ್ಟುಗೂಡಿಸಿ ಬಿಗಿದು, ಹಳೆಯ ಕಂಬಳಿ, ಗೋಣಿಚೀಲ, ಡಾಂಬರು ಕಾಗದ ಸುತ್ತಿ, ಮಳೆ ಇಳಿಯದಂತೆ ನೆತ್ತಿಯ ಮೇಲೆ ಬಕೆಟ್ಟು ಬೋರಲು ಹಾಕಿದ. ಹೆಂಡತಿ ಅನ್ನುತ್ತಾಳಂತೆ, ನನಗೊಂದು ಹೊಸ ಕೋಟಿಲ್ಲ, ಆ ಗಿಡಕ್ಕೆ ಮೂರು.

ನಾನು ಹಗ್ಗ ಹಿಡಿದೇ ಕೇಳಿದೆ, ನಿನ್ನ ದೇಶದಲ್ಲಿ ನಿನಗೆ ಇನ್ನೂ ಮನೆ ಉಂಟೇ ಎಂದು. ಇದೆ, ಆದರೆ ತಮ್ಮನ ಮಕ್ಕಳು ತುಂಬಿದ್ದಾರೆ ಎಂದ. ಹೋದಾಗ ಎಲ್ಲಿ ಮಲಗುತ್ತೀ ಎಂದೆ. ಅಡಿಗೆಮನೆಯಲ್ಲಿ, ಒಲೆಯ ಪಕ್ಕಕ್ಕೆ ಮಂಚ ಹಾಕಿ ಕೊಡುತ್ತಾರೆ ಎಂದ. ತಮ್ಮನ ಸೊಸೆ ಮುಂಜಾನೆ ಕಾಫಿ ಕುದಿಸುವಾಗ ಅವನ ಕಾಲು ದಾಟಿಕೊಂಡೇ ಓಡಾಡಬೇಕಂತೆ, ದಿನಾ ಬೈಯುತ್ತಾಳಂತೆ. ಹೇಳುತ್ತ ನಕ್ಕ. ಬೇಜಾರಿಲ್ಲವೇ ಎಂದು ಕೇಳಲು ನನಗೆ ಇಂಗ್ಲಿಷ್ ಮಾತು ಸಿಗಲಿಲ್ಲ. ಅವನ ಮುಖದಲ್ಲೇನೂ ಬೇಜಾರು ಕಾಣಲಿಲ್ಲ.

ಮಧ್ಯಾಹ್ನ ಶೈಲಾ ಬಂದಳು. ಬೂಟು ಬಿಚ್ಚುವ ತ್ರಾಣವಿಲ್ಲದೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತಳು. ಚಮಚಕ್ಕೆಂದು ಡ್ರಾಯರು ತೆಗೆದವಳು ಏರೋಗ್ರಾಮನ್ನು ನೋಡಿದಳು.

"ಇನ್ನೂ ಕಳಿಸಿಲ್ಲೇನವ್ವಾ?"

ನಾನು ರೊಟ್ಟಿ ಬಡಿಯುತ್ತಿದ್ದೆ.

"ಹೋಗಬ್ಯಾಡ ಅಂತ ನಾ ಅನ್ನಂಗಿಲ್ಲ" ಎಂದಳು. "ಇರು ಅನ್ನಾಕನೂ ಬಾಯಿ ಬರವಲ್ದು. ನೋಡಾಕತ್ತೀನಲ್ಲ, ನೀ ಎಷ್ಟು ದಣದೀ ಅಂತ."

"ನೀ ಏನ್ ಕುಣ್ಕೋತ ಬಂದೀ? ಉಣ್ಣು ಮೊದಲ."

ಅವಳು ಉಂಡು ಕೂತಲ್ಲೇ ನಿದ್ದೆ ಹೋದಳು. ಕೂಸು ಅವಳ ಮಡಿಲಿಗೆ ಏರಿ ಅಲ್ಲೇ ಒರಗಿತು. ಈ ಚಳಿಗಾಲ ಇವರನ್ನು ಬಿಟ್ಟು ಹೋಗುವುದು ನನ್ನಿಂದಾಗದು ಎಂಬುದು ಬೇಸಿಗೆಯಲ್ಲೂ ಗೊತ್ತಿತ್ತು. ಆದರೂ ಅಲ್ಲೊಂದು ಖೋಲಿ ತುಂಬಿಟ್ಟ ನೀರಿನ ಹಾಗೆ ಇರಲಿ ಎಂದು ಹಿಡಿದುಕೊಂಡಿದ್ದೆ.

ಕೈ ತೊಳೆದು ಪೆನ್ನು ತೆಗೆದುಕೊಂಡೆ. ತಂಗಿಗಲ್ಲ, ಓದುವವನಿಗೇ ಬರೆದೆ.

'ಅಡಿವೆಪ್ಪಾ, ದೊಡ್ಡವ್ವನ ಆಶೀರ್ವಾದ. ಇದನ್ನ ನಿಮ್ಮವ್ವನ ಮುಂದ ಕೂತು ಓದು. ಮುಂದಿನ ಖೋಲಿ ನಿನಗ, ನಿನ್ನ ಹೇಣ್ತಿಗೆ. ಈ ಕಾಗದದಾಗ ಏನೂ ಇಟ್ಟು ಕಳಸಾಕ ಬರಂಗಿಲ್ಲ, ಅದಕ್ಕ ಕೀಲಿಕೈ ಹಾದಿ ಕಾಯಬ್ಯಾಡ. ಕೀಲಿ ಒಡಸು. ನನ್ನ ಟ್ರಂಕು ಒಲಿ ಕಡೆ ಸರಿಸಿಡು. ಯಾವಾಗ ಬರ್ತೀನೋ ನನಗೂ ತಿಳಿವಲ್ದು. ಬಂದಾಗ ನಿಮ್ಮವ್ವನ ಮಗ್ಗಲ ಹಾಸಿಗಿ ಹಾಕು. ಆಕಿ ಗೊರಕಿ ಹೊಡಿತಾಳ, ಇರ್ಲಿ. ನಾ ಇಲ್ಲೆ ಆರಾಮ ಇದ್ದೀನಿ.'

ಕೊನೆಯ ಸಾಲನ್ನು ಹೊಡೆದುಹಾಕೋಣ ಎನ್ನಿಸಿತು. ಬಿಟ್ಟೆ, ಓಣಿಯವರೂ ಕೇಳುವ ಕಾಗದ. ಮಡಿಸಿ, ಅಂಚಿನ ಅಂಟು ನೆಕ್ಕಿ ಮುಚ್ಚಿ, ಸೀರೆಯ ಮೇಲೆ ಅಳಿಯಂದಿರ ಹಳೆಯ ಕೋಟು ಹಾಕಿಕೊಂಡು ಹೊರಟೆ. ರಸ್ತೆಯಂಚಿನ ಎಲೆಗಳು ಗಾಳಿಗೆ ಅರ್ಧ ಅಂಗಳಕ್ಕೇ ಮರಳಿದ್ದವು. ನಾಳೆ ಮತ್ತೆ ಬಳಿಯಬೇಕು.

ಮೂಲೆಯ ನೀಲಿ ಅಂಚೆಪೆಟ್ಟಿಗೆಯ ಮುಚ್ಚಳ ತಣ್ಣಗೆ ಕೊರೆಯುತ್ತಿತ್ತು. ಕಾಗದ ಹಾಕಿ ಬಿಟ್ಟೆ. ಬಿದ್ದಿತೋ ಇಲ್ಲವೋ ಎಂದು ಮತ್ತೊಮ್ಮೆ ತೆರೆದು ನೋಡಿದೆ. ಬಿದ್ದಿತ್ತು.