ಮುಚ್ಚಲಾರದ ಕಣ್ಣು

ನೀರಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಗುಲಾಬಿ ತಲೆಯ ಬಾತುಗಳಿದ್ದವಂತೆ. ಮೂಡಣ ಸೀಮೆಯ ಜೌಗಿನಲ್ಲಿ ಈಜುತ್ತಿದ್ದವಂತೆ. ಆಮೇಲೆ ಇಲ್ಲವಾದವಂತೆ. ಅವುಗಳಲ್ಲೊಂದಕ್ಕೆ ನಾನು ಎಡಗಣ್ಣು.

ನಾನು ಒಂದು ಗಾಜಿನ ಕಣ್ಣು. ಹುಟ್ಟಿದ್ದು ಬೆಂಕಿಯಲ್ಲಿ. ಬೆಳೆದದ್ದು ಮೈಸೂರಿನ ಜೋಜಪ್ಪನ ಡಬ್ಬಿಯಲ್ಲಿ, ಹುಲಿ ಜಿಂಕೆಗಳ ಕಣ್ಣುಗಳ ನಡುವೆ. ಜೋಜಪ್ಪ ಸತ್ತ ಪ್ರಾಣಿಗಳ ಚರ್ಮಕ್ಕೆ ನಾರು ತುಂಬಿ, ಬದುಕಿರುವಂತೆ ನಿಲ್ಲಿಸುತ್ತಿದ್ದ. ಕಣ್ಣು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಆಗ ಮಾತ್ರ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ.

"ಇನ್ನು ನೋಡ್ಕೋ ಮಗಾ," ಎಂದು ನನ್ನನ್ನು ಬಾತಿನ ಕಣ್ಣಗುಳಿಗೆ ಒತ್ತಿದ.

ನೋಡಿದೆ. ಬೆನ್ನ ಹಿಂದೆ, ಬಾತಿನ ತಲೆಯೊಳಗಿಂದ, ಒದ್ದೆ ದನಿಯೊಂದು ಕೇಳಿತು: "ನಾನು ಕಣ್ಣು ಮುಚ್ಚಿಯೇ ಸತ್ತಿದ್ದೆ. ತೆರೆದವರು ಯಾರು?"

"ಮತ್ತೆ ಮುಚ್ಚಿಸುತ್ತೇನೆ," ಎಂದು ಮಾತು ಕೊಟ್ಟೆ. ರೆಪ್ಪೆಯಿಲ್ಲದ ಗಾಜು ಕೊಟ್ಟ ಮಾತು!

ಅಂದಿನಿಂದ ನಾವು ಕೂತ ಮರದ ಪೀಠ ಬೆಳಗಾಗುವಷ್ಟರಲ್ಲಿ ಒದ್ದೆ. ದೊರೆಯ ಬೇಟೆಮನೆಯಲ್ಲಿ ಆಳುಗಳು ಒರೆಸಿದರು. ಅಲ್ಲಿಂದ ವಕೀಲರೊಬ್ಬರ ಪಡಸಾಲೆಗೆ ಹೋದೆವು. ಅವರ ಹೆಂಡತಿ ಹೆದರಿ ನಮ್ಮನ್ನು ಗೋಡೆಗೆ ತಿರುಗಿಸಿಟ್ಟಳು. ಎಷ್ಟೋ ವರ್ಷ ಬರೀ ಸುಣ್ಣ ನೋಡಿದೆ. ದನಿ ಕೇಳುತ್ತಲೇ ಇತ್ತು: "ಆಯ್ತಾ?"

ಕೊನೆಗೆ ಹಳೇ ಸಾಮಾನಿನ ವ್ಯಾಪಾರಿ ಕಸ್ತೂರ್ ಸೇಟು ನಮ್ಮನ್ನು ಕೊಂಡ. ಈ ಬಾತು ಇನ್ನೂ ಎಲ್ಲೋ ಬದುಕಿದೆಯೆಂದು ಸುದ್ದಿ ಬಂದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದ. "ಒಂದು ಜೀವಂತ ಸಿಕ್ಕಿಬಿಟ್ರೆ ಇದಕ್ಕೆ ಬೆಲೆಯೆಲ್ಲಿ? ನಾನು ಸತ್ತೆ!"

ಮಾಸಿದ ತಲೆಗೆ ಬಣ್ಣ ಹಚ್ಚಲು ಚಿತ್ರ ಬರೆಯುವ ಶಿವಾಂಬೆಯನ್ನು ಕರೆಸಿದ. "ಕಣ್ಣು ಹೊಳೀಬೇಕಮ್ಮಾ. ನಾಳೆ ಗಿರಾಕಿ ಬರ್ತಾರೆ."

ಅವಳು ಪೀಠ ಮುಟ್ಟಿ ಬೆರಳು ಮೂಸಿದಳು. "ಜೌಗಿನ ವಾಸನೆ. ಸೇಟೂ, ಇದು ಅಳ್ತಾ ಇದೆ."

"ಸೂರು ಸೋರ್ತದೆ ಕಣಮ್ಮಾ."

"ಈ ಬಿಸಿಲಲ್ಲಾ?"

ತಲೆಗೆ ಗುಲಾಬಿ ಬಣ್ಣ ಹಚ್ಚಿದಳು. ಆಮೇಲೆ ಜೇನುಮೇಣ ಬೆಚ್ಚಗೆ ಮಾಡಿ, ರೆಪ್ಪೆಯಷ್ಟು ತೆಳ್ಳಗೆ ತಟ್ಟಿದಳು.

"ಅಯ್ಯೋ, ಏನ್ ಮಾಡ್ತಿದೀಯಾ? ಮುಚ್ಚಿದ್ರೆ ಸತ್ತಂಗೆ ಕಾಣ್ತದೆ! ಯಾರು ಕೊಳ್ತಾರೆ?"

"ಸತ್ತೇ ಇದೆಯಲ್ಲಾ. ನಮ್ಮಜ್ಜಿ ಹೋದಾಗ ಕಣ್ಣು ಮುಚ್ಚಿದ್ದು ನಾನೇ. ಮುಚ್ಚದಿದ್ರೆ ಜೀವ ಹೊಸ್ತಿಲು ದಾಟಲ್ಲ ಅಂತ ಅವಳೇ ಹೇಳಿಟ್ಟಿದ್ಲು."

ಮೊದಲು ಬಲಗಣ್ಣು. ನಾನು ಕೊನೆಗೆ ಕಂಡದ್ದು ಅವಳ ಹೆಬ್ಬೆರಳು.

ಮರುದಿನ ಮೇಣ ಕೆರೆಯಲು ಸೇಟು ಚಾಕು ತಂದ. ಅದರ ತುದಿ ನನ್ನ ರೆಪ್ಪೆಗೆ ತಾಗಿತು. ಅಭ್ಯಾಸಬಲದಿಂದ ಇನ್ನೊಂದು ಕೈಯಲ್ಲಿ ಪೀಠ ಒರೆಸಿದ. ಬಟ್ಟೆ ಒಣಮರದ ಮೇಲೆ ಸರಕ್ಕೆಂದಿತು. ಮತ್ತೊಮ್ಮೆ ಒರೆಸಿದ.

"ಅರೆ," ಎಂದ, ಮೆಲ್ಲಗೆ.

ಚಾಕು ಕೆಳಗಿಟ್ಟ ಸದ್ದು ಕೇಳಿತು. ನಾನು ಒಳಗೆ ಕಿವಿಗೊಟ್ಟೆ. "ಆಯ್ತಾ?" ಎಂದು ಯಾರೂ ಕೇಳಲಿಲ್ಲ. ಅಲ್ಲಿದ್ದದ್ದು ಬರೀ ನಾರು.

ಆಯಿತು.